ಅಭಯದ ಅಂಗಳ: ಆಶ್ರಯವೆಂಬ ಕಲ್ಪನೆ ಬೆಳೆದು ಬಂದ ದಾರಿ

ಮಳೆ, ಬಿಸಿಲು, ಕಾಡುಪ್ರಾಣಿಗಳಿಂದ ರಕ್ಷಿಸಿಕೊಳ್ಳಲು ಮನುಷ್ಯನು ಮನೆ ಕಟ್ಟಿಕೊಂಡ. ಆದರೆ ಮನುಷ್ಯನಿಗೆ ಮನುಷ್ಯನಿಂದಲೇ ಅಪಾಯ ಬಂದಾಗ ಓಡಿ ಹೋಗುವುದು ಎಲ್ಲಿಗೆ? ಬೆನ್ನಟ್ಟಿ ಬರುವವನ ಕೈಯಲ್ಲಿ ಕತ್ತಿ ಇರುವಾಗ ಬಾಗಿಲಿನ ಅಗಳಿ ಎಷ್ಟು ಹೊತ್ತು ತಡೆದೀತು? ಈ ಪ್ರಶ್ನೆಗೆ ಪ್ರಾಚೀನ ಜನಾಂಗಗಳು ಕಂಡುಕೊಂಡ ಉತ್ತರವೇ 'ಆಶ್ರಯ'. ಈ ಗಡಿಯೊಳಗೆ ಯಾರೂ ಯಾರ ಮೇಲೂ ಕೈ ಎತ್ತಬಾರದು ಎಂದು ಎಲ್ಲರೂ ಒಪ್ಪಿಕೊಂಡ ಒಂದು ಸ್ಥಳ, ಒಂದು ಕಾಲ ಅಥವಾ ಒಬ್ಬ ವ್ಯಕ್ತಿಯ ಮಾತು. ಅಲ್ಲಿ ರಕ್ಷಣೆ ಕೊಡುತ್ತಿದ್ದುದು ಕೋಟೆಯ ಗೋಡೆಯಲ್ಲ, ಒಪ್ಪಂದದ ಗೌರವ. ಈ ಕಲ್ಪನೆ ಎಲ್ಲಿ ಹುಟ್ಟಿತು, ಯಾವ ಯಾವ ಅರ್ಥಗಳನ್ನು ಪಡೆಯಿತು, ಇಂದು ನಮ್ಮ ಕೈಗೆ ಯಾವ ರೂಪದಲ್ಲಿ ಬಂದಿದೆ ಎಂಬುದನ್ನು ಸಂಕ್ಷಿಪ್ತವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪದಗಳೇ ಹೇಳುವ ಇತಿಹಾಸ

ಒಂದು ಕಲ್ಪನೆಯ ಬೇರು ಹುಡುಕಬೇಕಾದರೆ ಮೊದಲು ಪದಗಳನ್ನು ನೋಡಬೇಕು. ಕನ್ನಡದಲ್ಲಿ ಆಸರೆ, ಆಶ್ರಯ, ಅಭಯ, ಶರಣು ಎಂಬ ಪದಗಳಿವೆ. ಹಳಗನ್ನಡದ 'ಮರೆವೊಗು' ಎಂಬ ಮಾತು ಇವೆಲ್ಲಕ್ಕಿಂತ ಚಿತ್ರವತ್ತಾದುದು. ಒಬ್ಬರ ಮರೆಗೆ ಹೋಗಿ ನಿಲ್ಲುವುದು, ಅಂದರೆ ಬರುವ ಏಟಿಗೆ ಅವರು ಅಡ್ಡ ನಿಲ್ಲುತ್ತಾರೆ ಎಂದು ನಂಬುವುದು. ನಮ್ಮ ಶಾಸನಗಳಲ್ಲಿ ಅರಸರಿಗೆ ಇರುವ ಬಿರುದುಗಳಲ್ಲಿ 'ಶರಣಾಗತ ವಜ್ರಪಂಜರ' ಎಂಬುದೂ ಒಂದು. ಶರಣು ಬಂದವರಿಗೆ ವಜ್ರದ ಪಂಜರದಂತೆ ರಕ್ಷಣೆ ಕೊಡುವವನು ಎಂದು ಇದರ ಅರ್ಥ. ಯುದ್ಧದಲ್ಲಿ ಗೆದ್ದುದರ ಜೊತೆಗೆ ಮರೆಹೊಕ್ಕವರನ್ನು ಕಾಯ್ದುದೂ ಅರಸನ ಹಿರಿಮೆ ಎನಿಸಿತ್ತು.

ಉರ್ದುವಿನಲ್ಲಿ 'ಪನಾಹ್' ಎನ್ನುತ್ತೇವೆ. ಅದರಿಂದಲೇ ನಿರಾಶ್ರಿತನಿಗೆ 'ಪನಾಹ್‌ಗುಝೀನ್' ಎಂಬ ಪದ ಬಂದಿದೆ. ಇದು ಫಾರ್ಸಿ ಮೂಲದ್ದು. ಅರಬಿಯಿಂದ ಬಂದ ಎರಡು ಪದಗಳು ಇನ್ನೂ ಹೆಚ್ಚು ಅರ್ಥಗರ್ಭಿತವಾಗಿವೆ. ಒಂದು 'ಹರಮ್'. ಹರಾಮ್, ಇಹ್ರಾಮ್, ಮಹ್ರಮ್, ಹುರ್ಮತ್ ಇವೆಲ್ಲವೂ ಅದೇ ಧಾತುವಿನಿಂದ ಹುಟ್ಟಿದವು. ನಿಷಿದ್ಧ ಎಂಬ ಅರ್ಥವೂ ಗೌರವಾರ್ಹ ಎಂಬ ಅರ್ಥವೂ ಒಂದೇ ಧಾತುವಿನಲ್ಲಿ ಸೇರಿರುವುದು ಆಕಸ್ಮಿಕವಲ್ಲ. ಯಾವುದು ಗೌರವಾರ್ಹವೋ ಅದನ್ನು ಮುಟ್ಟಿ ಕೆಡಿಸುವುದು ನಿಷಿದ್ಧ. ಇನ್ನೊಂದು 'ಅಮಾನ್'. ಅಮ್ನ್ (ಶಾಂತಿ), ಅಮಾನತ್ (ನಂಬಿ ಒಪ್ಪಿಸಿದ ವಸ್ತು), ಈಮಾನ್ (ವಿಶ್ವಾಸ) ಇವು ಅದರ ಸಹೋದರಿಯರು. ಒಬ್ಬನಿಗೆ ಅಮಾನ್ ಕೊಡುವುದೆಂದರೆ ಅವನ ಪ್ರಾಣವನ್ನು ಅಮಾನತ್ತಾಗಿ ಸ್ವೀಕರಿಸುವುದು ಎಂದೇ ಆಯಿತು.

ಇಂಗ್ಲಿಷಿನ 'ಸ್ಯಾಂಕ್ಚುಯರಿ' ಲ್ಯಾಟಿನ್ ಭಾಷೆಯ 'ಪವಿತ್ರ' ಎಂಬ ಅರ್ಥದ ಪದದಿಂದ ಬಂದಿದೆ. 'ಅಸೈಲಮ್' ಗ್ರೀಕ್ ಮೂಲದ್ದು. 'ವಶಪಡಿಸಿಕೊಳ್ಳಲು ಆಗದ್ದು', 'ಎಳೆದೊಯ್ಯಲಾಗದ್ದು' ಎಂಬುದು ಅದರ ಮೂಲಾರ್ಥ. ಹೀಗೆ ಒಂದು ಪದ ಸ್ಥಳದ ಪಾವಿತ್ರ್ಯವನ್ನು ಹೇಳಿದರೆ ಇನ್ನೊಂದು ಬೆನ್ನಟ್ಟುವವನ ಕೈಗೆ ಹಾಕಿದ ತಡೆಯನ್ನು ಹೇಳುತ್ತದೆ.

ದೇವಾಲಯದ ಹೊಸ್ತಿಲು, ಆಶ್ರಯದ ನಗರಗಳು

ಪ್ರಾಚೀನ ಗ್ರೀಸ್‌ನಲ್ಲಿ ದೇವಾಲಯದ ಬಲಿಪೀಠವನ್ನು ಹಿಡಿದು ಕುಳಿತವನನ್ನು ಎಳೆಯುವಂತಿರಲಿಲ್ಲ. ಯಜಮಾನನ ಹಿಂಸೆ ತಾಳದೆ ಓಡಿ ಬಂದ ಗುಲಾಮನಿಗೂ ಅದು ರಕ್ಷಣೆಯಾಗಿತ್ತು. ಕ್ರಿ.ಪೂ. 632ರ ಸುಮಾರಿಗೆ ಅಥೆನ್ಸ್‌ನಲ್ಲಿ ಸೈಲನ್ ಎಂಬವನು ಅಧಿಕಾರ ಕಸಿಯಲು ಯತ್ನಿಸಿ ವಿಫಲನಾದಾಗ ಅವನ ಬೆಂಬಲಿಗರು ಅಥೀನಾ ದೇವತೆಯ ಮೊರೆಹೊಕ್ಕರು. ಅವರು ವಿಗ್ರಹಕ್ಕೆ ದಾರ ಕಟ್ಟಿ ಅದನ್ನು ಹಿಡಿದುಕೊಂಡೇ ವಿಚಾರಣೆಗೆ ಇಳಿದು ಬರುತ್ತಿದ್ದರೆಂದೂ, ದಾರಿಯಲ್ಲಿ ದಾರ ಕಡಿದಾಗ ಅಧಿಕಾರಿಗಳು ಅವರನ್ನು ಕೊಂದರೆಂದೂ ಪ್ಲುಟಾರ್ಕ್ ಬರೆದಿದ್ದಾನೆ. ಕೊಂದವರ ಮನೆತನಕ್ಕೆ ಅಂಟಿದ 'ಶಾಪಗ್ರಸ್ತರು' ಎಂಬ ಹೆಸರು ಎರಡು ಶತಮಾನಗಳವರೆಗೂ ರಾಜಕೀಯದಲ್ಲಿ ಕೇಳಿಬರುತ್ತಿತ್ತು. ರೋಮನ್ನರ ಕಾಲಕ್ಕೆ ಬಂದರೆ, ಇಂತಹ ಹಕ್ಕಿನ ದುರುಪಯೋಗ ಹೆಚ್ಚಾಯಿತೆಂಬ ದೂರುಗಳಿದ್ದವು. ಕ್ರಿ.ಶ. 22ರಲ್ಲಿ ಚಕ್ರವರ್ತಿ ಟೈಬೀರಿಯಸ್‌ನ ಕಾಲದಲ್ಲಿ ಗ್ರೀಕ್ ನಗರಗಳು ತಮ್ಮ ದೇವಾಲಯಗಳ ಆಶ್ರಯದ ಹಕ್ಕಿಗೆ ಏನು ಆಧಾರವಿದೆ ಎಂದು ಸೆನೆಟ್ ಮುಂದೆ ನಿರೂಪಿಸಬೇಕಾಯಿತು.

ಯಹೂದಿಯರ ಧರ್ಮಶಾಸ್ತ್ರ ಈ ಸಮಸ್ಯೆಯನ್ನು ಬಹಳ ಸೂಕ್ಷ್ಮವಾಗಿ ಬಿಡಿಸಿತು. ರಕ್ತಕ್ಕೆ ರಕ್ತ ಎಂಬ ಪದ್ಧತಿ ಇದ್ದ ಸಮಾಜವದು. ಕೊಲೆಯಾದವನ ಹತ್ತಿರದ ಬಂಧು ಸೇಡು ತೀರಿಸಿಕೊಳ್ಳುವುದು ಕರ್ತವ್ಯವೆನಿಸಿತ್ತು. ಆದರೆ ಕೈತಪ್ಪಿ ಪ್ರಾಣ ತೆಗೆದವನ ಗತಿ ಏನು? ಇಂತಹವರಿಗಾಗಿ ಜೋರ್ಡಾನ್ ನದಿಯ ಪೂರ್ವಕ್ಕೆ ಮೂರು, ಪಶ್ಚಿಮಕ್ಕೆ ಮೂರು, ಒಟ್ಟು ಆರು ನಗರಗಳನ್ನು ಮೀಸಲಿಡಲಾಯಿತು. ಹೆಬ್ರಾನ್ ಅವುಗಳಲ್ಲೊಂದು. ಓಡಿ ಬಂದವನಿಗೆ ಅಲ್ಲಿ ವಿಚಾರಣೆಯಾಗಬೇಕು. ಉದ್ದೇಶಪೂರ್ವಕ ಕೊಲೆಯೆಂದು ಸಾಬೀತಾದರೆ ಆಶ್ರಯವಿಲ್ಲ. ಇಲ್ಲವಾದರೆ ಮಹಾಯಾಜಕನ ಮರಣದವರೆಗೆ ಅವನು ಆ ನಗರದಲ್ಲೇ ಇರಬೇಕು. ಈ ಅವಕಾಶ ಅವರ ನಡುವೆ ನೆಲೆಸಿದ್ದ ಪರದೇಶಿಗೂ ಇತ್ತು ಎಂಬುದು ಗಮನಾರ್ಹ.

ತರಗತಿಯಲ್ಲಿ ಮಾನವ ಹಕ್ಕುಗಳ ಪಾಠ ಮಾಡುವಾಗ "ಸರ್, ತಪ್ಪು ಮಾಡಿದವನಿಗೂ ಆಶ್ರಯ ಕೊಡಬಹುದೇ?" ಎಂದು ಮಕ್ಕಳು ಕೇಳುವುದುಂಟು. ಈ ಆರು ನಗರಗಳ ವ್ಯವಸ್ಥೆಯಲ್ಲಿ ಅದಕ್ಕೆ ಉತ್ತರವಿದೆ. ಆಶ್ರಯವೆಂದರೆ ತಪ್ಪಿಗೆ ಮಾಫಿಯಲ್ಲ. ಕೋಪಕ್ಕೂ ಶಿಕ್ಷೆಗೂ ನಡುವೆ ವಿಚಾರಣೆಗೆ ಜಾಗ ಮಾಡಿಕೊಡುವುದು. ನ್ಯಾಯಾಲಯ, ಪೊಲೀಸು ಇಲ್ಲದ ಕಾಲದಲ್ಲಿ ನ್ಯಾಯ ಉಸಿರಾಡಲು ಇದ್ದ ಒಂದೇ ಕಿಟಕಿ ಅದು.

ಮಕ್ಕಾದ ಹರಮ್ ಮತ್ತು ಅರಬರ ಜಿವಾರ್

ಅರಬ್ ಮರಳುಗಾಡಿನಲ್ಲಿ ಕೇಂದ್ರ ಸರಕಾರ ಇರಲಿಲ್ಲ. ಕಬೀಲೆಯೇ ಸರಕಾರ, ಕಬೀಲೆಯೇ ಕಾನೂನು. ಅಂತಹ ನಾಡಿನಲ್ಲಿ ಮಕ್ಕಾದ ಕಅಬಾ ಸುತ್ತಲಿನ ನಿರ್ದಿಷ್ಟ ಪ್ರದೇಶ ಹರಮ್ ಆಗಿತ್ತು. ಇಸ್ಲಾಮಿಗೆ ಮೊದಲೇ ಅಲ್ಲಿ ರಕ್ತಪಾತ ನಿಷಿದ್ಧವಾಗಿತ್ತು. ಪ್ರವಾದಿ ಇಬ್ರಾಹೀಮರು(ಅ) ಈ ನಗರವನ್ನು ನಿರ್ಭಯದ ನೆಲೆಯಾಗಿ ಮಾಡೆಂದು ಪ್ರಾರ್ಥಿಸಿದುದನ್ನೂ, ಅದನ್ನು ಪ್ರವೇಶಿಸಿದವನು ಸುರಕ್ಷಿತನೆಂಬುದನ್ನೂ ಪವಿತ್ರ ಕುರ್‌ಆನ್ ತಿಳಿಸುತ್ತದೆ. ಸ್ಥಳದಂತೆ ಕಾಲಕ್ಕೂ ಹುರ್ಮತ್ ಇತ್ತು. ಝುಲ್ ಕಅದಃ, ಝುಲ್ ಹಿಜ್ಜಃ, ಮುಹರ್ರಮ್ ಮತ್ತು ರಜಬ್ ಈ ನಾಲ್ಕು ತಿಂಗಳಲ್ಲಿ ಯುದ್ಧ ನಿಲ್ಲಬೇಕು. ಯಾತ್ರಿಕನೂ ವ್ಯಾಪಾರಿಯೂ ನಿರ್ಭಯವಾಗಿ ಸಂಚರಿಸಲು ಇದರಿಂದ ಸಾಧ್ಯವಾಗುತ್ತಿತ್ತು.

ಹರಮ್‌ನ ರಕ್ಷಣೆ ಮನುಷ್ಯರಿಗಷ್ಟೇ ಸೀಮಿತವಲ್ಲ. ಅಲ್ಲಿ ಬೇಟೆಯಾಡುವಂತಿಲ್ಲ, ತಾನಾಗಿ ಬೆಳೆದ ಮರಗಿಡಗಳನ್ನು ಕಡಿಯುವಂತಿಲ್ಲ. ಹರಮ್‌ನ ಹೊರಗೆ ಕೊಲೆ ಮಾಡಿ ಒಳಗೆ ಅಡಗಿದವನ ಬಗ್ಗೆ ನಂತರದ ಧರ್ಮಶಾಸ್ತ್ರಜ್ಞರಲ್ಲಿ ಚರ್ಚೆ ನಡೆಯಿತು. ಇಮಾಮ್ ಅಬೂ ಹನೀಫಾರ(ರ) ಅಭಿಪ್ರಾಯದಲ್ಲಿ ಅವನನ್ನು ಅಲ್ಲಿ ಶಿಕ್ಷಿಸಬಾರದು. ಆದರೆ ಯಾರೂ ಅವನೊಂದಿಗೆ ವ್ಯವಹರಿಸಬಾರದು, ಅವನು ತಾನಾಗಿ ಹೊರಬರುವಂತಾಗಬೇಕು. ಇತರ ಕೆಲವು ಇಮಾಮರು ಅಲ್ಲಿಯೇ ಶಿಕ್ಷಿಸಬಹುದೆಂದರು. ಸ್ಥಳದ ಗೌರವ ಮತ್ತು ನೊಂದವರ ನ್ಯಾಯ ಈ ಎರಡನ್ನೂ ಉಳಿಸಿಕೊಳ್ಳುವ ಪ್ರಯತ್ನ ಈ ಚರ್ಚೆಯಲ್ಲಿ ಕಾಣುತ್ತದೆ.

ಇದರ ಜೊತೆಗೆ 'ಜಿವಾರ್' ಎಂಬ ಪದ್ಧತಿ ಇತ್ತು. ಒಬ್ಬ ಗಣ್ಯ ವ್ಯಕ್ತಿ "ಇವನು ನನ್ನ ನೆರೆಯವನು" ಎಂದು ಬಹಿರಂಗವಾಗಿ ಸಾರಿದರೆ ಸಾಕು. ಅವನನ್ನು ಮುಟ್ಟಿದರೆ ಇಡೀ ಕಬೀಲೆಯನ್ನು ಎದುರು ಹಾಕಿಕೊಂಡಂತೆ. ತಾಯಿಫ್‌ನಲ್ಲಿ ಕಲ್ಲೇಟು ತಿಂದು ಮರಳಿದ ಪ್ರವಾದಿ ಮುಹಮ್ಮದ್(ಸ) ಸ್ವಂತ ಊರಾದ ಮಕ್ಕಾವನ್ನು ಪ್ರವೇಶಿಸಿದ್ದು ಮುತ್‌ಇಮ್ ಬಿನ್ ಅದೀ ಎಂಬವರ ಜಿವಾರ್‌ನಲ್ಲಿ. ಮುತ್‌ಇಮ್ ಇಸ್ಲಾಮ್ ಸ್ವೀಕರಿಸಿದವರಲ್ಲ. ಆದರೂ ತಮ್ಮ ಮಕ್ಕಳೊಂದಿಗೆ ಶಸ್ತ್ರಧಾರಿಯಾಗಿ ನಿಂತು ರಕ್ಷಣೆ ಕೊಟ್ಟರು. ಪ್ರವಾದಿ(ಸ) ಈ ಉಪಕಾರವನ್ನು ಮರೆಯಲಿಲ್ಲ. ಬದ್ರ್ ಯುದ್ಧದ ನಂತರ, ಮುತ್‌ಇಮ್ ಬದುಕಿದ್ದು ಈ ಕೈದಿಗಳ ಪರವಾಗಿ ಮಾತನಾಡಿದ್ದರೆ ಇವರನ್ನು ಅವರಿಗಾಗಿ ಬಿಟ್ಟುಬಿಡುತ್ತಿದ್ದೆ ಎಂಬರ್ಥದ ಮಾತನ್ನು ಹೇಳಿದರು.

ಹಝ್ರತ್ ಅಬೂಬಕ್ಕರ್(ರ) ಅವರಿಗೂ ಇಬ್ನುದ್ದಗಿನಃ ಎಂಬವರು ಜಿವಾರ್ ಕೊಟ್ಟಿದ್ದರು. ಆದರೆ ಮನೆಯಂಗಳದಲ್ಲಿ ಗಟ್ಟಿಯಾಗಿ ಕುರ್‌ಆನ್ ಓದಬಾರದೆಂಬ ಶರತ್ತಿನ ಒತ್ತಡ ಬಂದಾಗ ಅವರು ಆ ರಕ್ಷಣೆಯನ್ನೇ ಹಿಂದಿರುಗಿಸಿದರು. ಬಾಯಿ ಮುಚ್ಚಿಸುವ ಆಶ್ರಯ ಅವರಿಗೆ ಬೇಕಿರಲಿಲ್ಲ.

ನಜ್ಜಾಶಿಯ ಆಸ್ಥಾನದಲ್ಲಿ

ಆಶ್ರಯದ ಇತಿಹಾಸದಲ್ಲಿ ಅಬಿಸೀನಿಯಾದ ಹಿಜ್ರತ್ತಿಗೆ ವಿಶೇಷ ಸ್ಥಾನವಿದೆ. ಕ್ರಿ.ಶ. 615ರಲ್ಲಿ ಕುರೈಶರ ಹಿಂಸೆ ತಾಳಲಾರದೆ ಮುಸ್ಲಿಮರ ಸಣ್ಣ ತಂಡವೊಂದು ಕೆಂಪು ಸಮುದ್ರ ದಾಟಿ ಹೋಯಿತು. ನಂತರ ಹೋದ ತಂಡದಲ್ಲಿ ಎಂಬತ್ತಕ್ಕೂ ಹೆಚ್ಚು ಪುರುಷರಿದ್ದರು, ಸ್ತ್ರೀಯರೂ ಇದ್ದರು. ಅಲ್ಲಿನ ದೊರೆ ನಜ್ಜಾಶಿ ಕ್ರೈಸ್ತ. ಆತನ ರಾಜ್ಯದಲ್ಲಿ ಯಾರಿಗೂ ಅನ್ಯಾಯವಾಗುವುದಿಲ್ಲ ಎಂಬುದೇ ಅಲ್ಲಿಗೆ ಹೋಗಲು ಕಾರಣ.

ಕುರೈಶರು ಸುಮ್ಮನಿರಲಿಲ್ಲ. ಅಮ್ರ್ ಬಿನ್ ಆಸ್ ಮತ್ತು ಅಬ್ದುಲ್ಲಾ ಬಿನ್ ಅಬೀ ರಬೀಅಃ ಎಂಬಿಬ್ಬರನ್ನು ಬೆಲೆಬಾಳುವ ಉಡುಗೊರೆಗಳೊಂದಿಗೆ ಕಳುಹಿಸಿದರು. ಮೊದಲು ಆಸ್ಥಾನಿಕರಿಗೆ ಉಡುಗೊರೆ ಹಂಚಿ, ಬಳಿಕ ಇವರು ನಮ್ಮ ಓಡಿಹೋದ ಜನ, ಒಪ್ಪಿಸಿಬಿಡಿ ಎಂದು ದೊರೆಯನ್ನು ಕೇಳಿದರು. ಆಸ್ಥಾನಿಕರೂ ಹೌದೆಂದು ತಲೆಯಾಡಿಸಿದರು. ಆಗ ನಜ್ಜಾಶಿ ಮಾಡಿದ ಕೆಲಸ ಒಂದೇ: ನನ್ನ ಆಶ್ರಯಕ್ಕೆ ಬಂದವರ ಮಾತು ಕೇಳದೆ ಒಪ್ಪಿಸಲಾರೆ ಎಂದು ಅವರನ್ನು ಕರೆಸಿದ. ಹಝ್ರತ್ ಜಅಫರ್ ಬಿನ್ ಅಬೀತಾಲಿಬ್(ರ) ತಮ್ಮ ಹಿಂದಿನ ಬದುಕು, ಪ್ರವಾದಿಯ ಬೋಧನೆ, ಅನುಭವಿಸಿದ ಹಿಂಸೆ ಎಲ್ಲವನ್ನೂ ವಿವರಿಸಿದರು. ಸೂರಃ ಮರ್ಯಮ್‌ನ ಭಾಗವನ್ನು ಓದಿದರು. ದೊರೆಯ ಕಣ್ಣು ತುಂಬಿತು. ಮರುದಿನ ಅಮ್ರ್, ಇವರು ಈಸಾರ(ಅ) ಬಗ್ಗೆ ಬೇರೆಯೇ ನಂಬಿಕೆ ಇಟ್ಟಿದ್ದಾರೆ ಎಂದು ಹೊಸ ಬಾಣ ಬಿಟ್ಟರು. ಪರದೇಶದಲ್ಲಿ, ಪ್ರಾಣ ತೂಗುತ್ತಿದ್ದ ಹೊತ್ತಿನಲ್ಲೂ ಜಅಫರ್(ರ) ತಾವು ನಂಬಿದ್ದನ್ನೇ ಹೇಳಿದರು. ದೊರೆ ಉಡುಗೊರೆಗಳನ್ನು ಹಿಂದಿರುಗಿಸಿ ದೂತರನ್ನು ಬರಿಗೈಯಲ್ಲಿ ಕಳುಹಿಸಿದ. ಕೆಲವರು ಹಿಜರಿ 7ನೇ ವರ್ಷದವರೆಗೂ, ಅಂದರೆ ಹನ್ನೆರಡು ವರ್ಷಕ್ಕೂ ಮಿಕ್ಕಿ, ಆ ನಾಡಿನಲ್ಲಿ ನೆಮ್ಮದಿಯಾಗಿದ್ದರು.

ಇಂದಿನ ಕಾನೂನಿನ ಭಾಷೆಯಲ್ಲಿ ಹೇಳುವುದಾದರೆ, ಆಶ್ರಯ ಕೋರಿದವನ ಅಹವಾಲು ಕೇಳುವ ಹಕ್ಕು, ಹಿಂಸಿಸುವವರ ಕೈಗೆ ಮರಳಿ ಒಪ್ಪಿಸದಿರುವ ತತ್ವ, ಧರ್ಮಭೇದವಿಲ್ಲದ ರಕ್ಷಣೆ ಈ ಮೂರೂ ಆ ಒಂದು ಆಸ್ಥಾನದಲ್ಲಿ ಕಾಣಸಿಗುತ್ತವೆ.

ಒಬ್ಬ ಹೆಣ್ಣುಮಗಳು ಕೊಟ್ಟ ಅಭಯ

ಕ್ರಿ.ಶ. 622ರ ಮದೀನಾ ಒಪ್ಪಂದದಲ್ಲಿ ಒಂದು ಕ್ರಾಂತಿಕಾರಿ ಅಂಶವಿದೆ. ವಿಶ್ವಾಸಿಗಳಲ್ಲಿ ಅತ್ಯಂತ ಸಾಮಾನ್ಯನು ಕೊಟ್ಟ ಅಭಯವೂ ಎಲ್ಲರನ್ನೂ ಬಂಧಿಸುತ್ತದೆ. ಅದುವರೆಗೆ ಜಿವಾರ್ ಕೊಡಬೇಕಾದರೆ ಬೆನ್ನಿಗೆ ಬಲಿಷ್ಠ ಕಬೀಲೆ ಬೇಕಿತ್ತು. ಈಗ ಬಡವನ ಮಾತಿಗೂ ಅದೇ ತೂಕ ಬಂತು.

ಕ್ರಿ.ಶ. 630ರಲ್ಲಿ ಮಕ್ಕಾ ವಿಜಯದ ದಿನ ಇದು ಪರೀಕ್ಷೆಗೆ ಒಳಗಾಯಿತು. ಹಝ್ರತ್ ಅಲೀ(ರ) ಅವರ ಸಹೋದರಿ ಉಮ್ಮು ಹಾನೀ(ರ) ತಮ್ಮ ಗಂಡನ ಕಡೆಯ ಸಂಬಂಧಿಕರಿಗೆ ಮನೆಯಲ್ಲಿ ಆಶ್ರಯ ಕೊಟ್ಟಿದ್ದರು. ಅವರು ಎದುರಾಳಿ ಪಕ್ಷದವರೆಂದು ಅಲೀ(ರ) ದಂಡಿಸಲು ಮುಂದಾದರು. ಉಮ್ಮು ಹಾನೀ ನೇರವಾಗಿ ಪ್ರವಾದಿಯವರ(ಸ) ಬಳಿಗೆ ಹೋಗಿ ದೂರಿತ್ತರು. ನೀವು ಯಾರಿಗೆ ಅಭಯ ಕೊಟ್ಟಿರೋ ಅವರಿಗೆ ನಾವೂ ಕೊಟ್ಟಿದ್ದೇವೆ ಎಂಬುದೇ ಅವರಿಗೆ ಸಿಕ್ಕ ತೀರ್ಪು. ಗೆದ್ದ ಸೈನ್ಯದ ವೀರನ ಕತ್ತಿಗಿಂತ ಒಬ್ಬ ಮಹಿಳೆಯ ಮಾತು ಮೇಲಾಯಿತು. ಅದೇ ದಿನ ಮಸ್ಜಿದುಲ್ ಹರಾಮ್ ಸೇರಿದವರು, ಅಬೂ ಸುಫ್ಯಾನರ ಮನೆ ಸೇರಿದವರು, ತಮ್ಮ ಮನೆಯ ಬಾಗಿಲು ಮುಚ್ಚಿಕೊಂಡವರು ಎಲ್ಲರೂ ಸುರಕ್ಷಿತರೆಂದು ಸಾರಲಾಯಿತು. ಪವಿತ್ರ ಸ್ಥಳದ ರಕ್ಷಣೆ ಪ್ರತಿ ಮನೆಯ ಹೊಸ್ತಿಲಿಗೂ ಹಬ್ಬಿತು.

ಸೂರಃ ತೌಬಾದ ಆರನೆಯ ಸೂಕ್ತವೂ ಇಲ್ಲಿ ಸ್ಮರಣೀಯ. ಯುದ್ಧದ ಸಂದರ್ಭದಲ್ಲೂ ಬಹುದೇವಾರಾಧಕನೊಬ್ಬ ಆಶ್ರಯ ಕೋರಿದರೆ ಕೊಡಬೇಕು, ಅವನು ದೇವವಚನ ಕೇಳಲಿ, ಬಳಿಕ ಅವನನ್ನು ಅವನ ಸುರಕ್ಷಿತ ಸ್ಥಳಕ್ಕೆ ತಲುಪಿಸಬೇಕು ಎಂಬುದು ಅದರ ಆಶಯ. ಅವನು ನಂಬಿಕೆ ಬದಲಿಸಬೇಕೆಂಬ ಶರತ್ತು ಅಲ್ಲಿಲ್ಲ.

ಚರ್ಚು, ಬಸ್ತ್, ಬೆಸಾ

ಯುರೋಪಿನಲ್ಲಿ ಈ ಹಕ್ಕು ಚರ್ಚಿಗೆ ಬಂತು. ಕ್ರಿ.ಶ. 431ರ ರೋಮನ್ ಶಾಸನವೊಂದು ಚರ್ಚಿನ ಒಳಭಾಗ ಮಾತ್ರವಲ್ಲದೆ ಅಂಗಳ, ತೋಟಗಳಿಗೂ ರಕ್ಷಣೆಯನ್ನು ವಿಸ್ತರಿಸಿತು. ಆದರೆ ಒಳಬರುವವನು ಆಯುಧ ಬಿಟ್ಟು ಬರಬೇಕಿತ್ತು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಚರ್ಚು ಸೇರಿದ ಅಪರಾಧಿಗೆ ನಲವತ್ತು ದಿನಗಳ ಅವಕಾಶವಿತ್ತು. ಅಷ್ಟರೊಳಗೆ ವಿಚಾರಣೆಗೆ ಒಪ್ಪಿಸಿಕೊಳ್ಳಬೇಕು, ಇಲ್ಲವೇ ತಪ್ಪೊಪ್ಪಿಕೊಂಡು ಕೈಯಲ್ಲಿ ಮರದ ಶಿಲುಬೆ ಹಿಡಿದು ಬಂದರಿಗೆ ನಡೆದು ದೇಶ ಬಿಡಬೇಕು. 1624ರಲ್ಲಿ ಅಲ್ಲಿನ ಪಾರ್ಲಿಮೆಂಟು ಈ ಪದ್ಧತಿಯನ್ನು ರದ್ದುಗೊಳಿಸಿತು.

ಇರಾನಿನಲ್ಲಿ ಇದಕ್ಕೆ 'ಬಸ್ತ್' ಎಂದು ಹೆಸರು. ದರ್ಗಾಗಳು ಮಾತ್ರವಲ್ಲ, ಅರಸನ ಲಾಯ, ಮುಂದೆ ತಂತಿ ಕಚೇರಿಗಳೂ ಬಸ್ತ್ ಕೂರುವ ಸ್ಥಳಗಳಾದವು. 1906ರ ಬೇಸಿಗೆಯಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ತೆಹರಾನಿನ ಬ್ರಿಟಿಷ್ ರಾಯಭಾರ ಕಚೇರಿಯ ತೋಟದಲ್ಲಿ ಬಸ್ತ್ ಕುಳಿತರು. ಷಾಹ್ ಮಣಿದು ಸಂಸತ್ತಿಗೆ ಒಪ್ಪಿಗೆ ಕೊಟ್ಟದ್ದು ಇದರ ಫಲ.

1492ರಲ್ಲಿ ಸ್ಪೇನ್ ತನ್ನ ಯಹೂದಿಯರನ್ನು ಹೊರಹಾಕಿದಾಗ ಉಸ್ಮಾನಿಯಾ ಸುಲ್ತಾನ್ ಎರಡನೆಯ ಬಾಯಝೀದ್ ಅವರಿಗೆ ತನ್ನ ನಗರಗಳನ್ನು ತೆರೆದಿಟ್ಟ. 1860ರಲ್ಲಿ ದಮಾಸ್ಕಸ್‌ನಲ್ಲಿ ಕ್ರೈಸ್ತರ ಮೇಲೆ ದಾಳಿ ನಡೆದಾಗ, ಫ್ರೆಂಚರ ವಿರುದ್ಧ ವರ್ಷಗಟ್ಟಲೆ ಹೋರಾಡಿ ಸೆರೆವಾಸ ಅನುಭವಿಸಿದ್ದ ಅಲ್ಜೀರಿಯಾದ ಅಮೀರ್ ಅಬ್ದುಲ್ ಖಾದಿರ್ ತನ್ನ ಜನರೊಂದಿಗೆ ಬೀದಿಗಿಳಿದು ಸಾವಿರಾರು ಕ್ರೈಸ್ತರನ್ನು ಕಾಪಾಡಿದರು. ಅವರನ್ನು ಬಂಧಿಸಿದ್ದ ಫ್ರಾನ್ಸೇ ಅವರಿಗೆ ಉನ್ನತ ಪದಕ ನೀಡಿತು. ಎರಡನೆಯ ಮಹಾಯುದ್ಧದಲ್ಲಿ, ಮುಸ್ಲಿಮರೇ ಬಹುಸಂಖ್ಯಾತರಾದ ಅಲ್ಬೇನಿಯಾದ ಹಳ್ಳಿಗರು 'ಬೆಸಾ' ಎಂಬ ತಮ್ಮ ಮಾತಿನ ಮರ್ಯಾದೆಗಾಗಿ ಯಹೂದಿ ಕುಟುಂಬಗಳನ್ನು ಬಚ್ಚಿಟ್ಟರು. ಯುದ್ಧ ಮುಗಿದಾಗ ಆ ದೇಶದಲ್ಲಿ ಯಹೂದಿಯರ ಸಂಖ್ಯೆ ಮೊದಲಿಗಿಂತ ಹೆಚ್ಚಾಗಿತ್ತು.

ಗಡಿ ಮುರಿದ ಪ್ರಸಂಗಗಳು

ಇತಿಹಾಸ ಓದುವವರು ಒಳ್ಳೆಯದನ್ನು ಮಾತ್ರ ಎತ್ತಿ ಹೇಳಬಾರದು. 1170ರಲ್ಲಿ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ರನ್ನು ಕ್ಯಾಂಟರ್ಬರಿ ಕೆಥೆಡ್ರಲ್‌ನ ಒಳಗೇ ರಾಜಭಟರು ಕಡಿದರು. ಮಕ್ಕಾದ ಹರಮ್ ಕೂಡ ಇದಕ್ಕೆ ಹೊರತಾಗಲಿಲ್ಲ. 692ರಲ್ಲಿ ಹಜ್ಜಾಜ್‌ನ ಸೈನ್ಯ ಅದನ್ನು ಮುತ್ತಿತು. 930ರಲ್ಲಿ ಕರ್ಮತಿಯರು ಯಾತ್ರಿಕರನ್ನು ಕೊಂದು ಹಜರುಲ್ ಅಸ್ವದ್ ಶಿಲೆಯನ್ನೇ ಒಯ್ದರು. ಅದು ಮರಳಿ ಬಂದದ್ದು 951ರಲ್ಲಿ. 1979ರಲ್ಲಿ ಶಸ್ತ್ರಧಾರಿಗಳ ಗುಂಪೊಂದು ಅದನ್ನು ಆಕ್ರಮಿಸಿ ರಕ್ತ ಹರಿಯಿತು. ಪಾವಿತ್ರ್ಯ ತಾನಾಗಿ ಯಾರನ್ನೂ ಕಾಯುವುದಿಲ್ಲ. ಅದನ್ನು ಒಪ್ಪಿ ನಡೆಯುವ ಜನರಿದ್ದರೆ ಮಾತ್ರ ಅದು ಕಾಯುತ್ತದೆ.

ನಮ್ಮ ನಾಡಿನಲ್ಲಿ

ಹದ್ದಿನಿಂದ ಪಾರಿವಾಳವನ್ನು ಉಳಿಸಲು ತನ್ನ ಮಾಂಸವನ್ನೇ ತೂಗಿ ಕೊಟ್ಟ ಶಿಬಿ ಚಕ್ರವರ್ತಿಯ ಕಥೆ, ಶತ್ರುವಿನ ತಮ್ಮನಾದ ವಿಭೀಷಣನಿಗೆ ರಾಮನು ಅಭಯವಿತ್ತ ಕಥೆ ನಮ್ಮ ಪ್ರತಿ ವಿದ್ಯಾರ್ಥಿಗೂ ಗೊತ್ತು. ನಂಬಿ ಬಂದವರ ಕೈ ಬಿಡಬಾರದು ಎಂಬುದು ಈ ಮಣ್ಣಿನ ಮಾತು. 1959ರಲ್ಲಿ ದಲಾಯಿ ಲಾಮಾ ಭಾರತಕ್ಕೆ ಬಂದ ನಂತರ ಅಂದಿನ ಮೈಸೂರು ರಾಜ್ಯ ಟಿಬೆಟಿಯನ್ನರಿಗೆ ಜಮೀನು ಕೊಟ್ಟಿತು. 1960ರಲ್ಲಿ ಬೈಲುಕುಪ್ಪೆ, 1966ರಲ್ಲಿ ಮುಂಡಗೋಡಿನ ವಸಾಹತುಗಳು ಆರಂಭವಾದವು. ಕಾಡು ಕಡಿದು, ಮುಸುಕಿನ ಜೋಳ ಬೆಳೆದು ಅವರು ಇಲ್ಲಿ ನೆಲೆ ನಿಂತರು. ಬೈಲುಕುಪ್ಪೆಗೆ ಶಾಲಾ ಪ್ರವಾಸ ಹೋಗುವ ಮಕ್ಕಳು ಸ್ವರ್ಣಮಂದಿರದ ಮುಂದೆ ಫೋಟೊ ತೆಗೆಸಿಕೊಳ್ಳುವುದರ ಜೊತೆಗೆ, ಅದು ನಮ್ಮ ರಾಜ್ಯ ಕೊಟ್ಟ ಆಶ್ರಯದ ಫಲ ಎಂಬುದನ್ನೂ ತಿಳಿಯಬೇಕು.

'ಅಭಯಾರಣ್ಯ', 'ಪಕ್ಷಿಧಾಮ' ಎಂಬ ಪದಗಳಲ್ಲೂ ಇದೇ ಕಲ್ಪನೆ ಇದೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಪಕ್ಷಿತಜ್ಞ ಡಾ. ಸಲೀಂ ಅಲಿ ಮೈಸೂರು ಅರಸರಿಗೆ ಮಾಡಿದ ಮನವಿಯಿಂದ. ಹರಮ್‌ನ ಮರ, ಹಕ್ಕಿಗಳಿಗೆ ಸಿಕ್ಕ ಅಭಯ ಕಾವೇರಿಯ ನಡುಗಡ್ಡೆಯ ಕೊಕ್ಕರೆಗಳಿಗೂ ಸಿಕ್ಕಿತು.

ಕಾನೂನಿನ ಆಶ್ರಯ

1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 14ನೇ ವಿಧಿ, ಹಿಂಸೆಯಿಂದ ಪಾರಾಗಲು ಇತರ ದೇಶಗಳಲ್ಲಿ ಆಶ್ರಯ ಕೋರುವ ಹಕ್ಕನ್ನು ಎಲ್ಲರಿಗೂ ನೀಡಿತು. 1951ರ ನಿರಾಶ್ರಿತರ ಒಪ್ಪಂದದ 33ನೇ ವಿಧಿ, ಅಪಾಯವಿರುವ ನೆಲಕ್ಕೆ ಅವರನ್ನು ಮರಳಿ ದೂಡಬಾರದೆಂದಿತು. ಭಾರತ ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೆ ನಮ್ಮ ಸಂವಿಧಾನದ 21ನೇ ವಿಧಿಯ ಜೀವರಕ್ಷಣೆ ಪೌರರಲ್ಲದವರಿಗೂ ಅನ್ವಯಿಸುತ್ತದೆ ಎಂದು 1996ರಲ್ಲಿ ಸುಪ್ರೀಂ ಕೋರ್ಟು ಅರುಣಾಚಲದ ಚಕ್ಮಾ ಜನರ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಂತೆ 2024ರ ಕೊನೆಗೆ ಜಗತ್ತಿನಲ್ಲಿ ಬಲವಂತದಿಂದ ನೆಲೆ ಕಳೆದುಕೊಂಡವರು 12 ಕೋಟಿಗೂ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ದೇಶದೊಳಗೇ ಅಲೆಯುತ್ತಿರುವವರು.

ವಿದ್ಯಾರ್ಥಿ ಮಿತ್ರರೇ, ಇದು ದೊರೆಗಳ, ದೇಶಗಳ ವಿಷಯ, ನಮಗೇನು ಎಂದು ಭಾವಿಸಬೇಡಿ. ಶಾಲೆಯೂ ಒಂದು ಅಭಯದ ಅಂಗಳವೇ. ಬೇರೆ ಊರಿನಿಂದ ಬಂದು ಮಾತು ಬಾರದೆ ಗೇಲಿಗೆ ಗುರಿಯಾದ ಹುಡುಗ, ಓದು ಬಿಡಿಸಿ ಮದುವೆ ಮಾಡುತ್ತಾರೆಂದು ಅಳುವ ಹುಡುಗಿ ನಿಮ್ಮ ಬೆಂಚಿನಲ್ಲೇ ಇರಬಹುದು. ಉಮ್ಮು ಹಾನೀ ಅವರಿಗೆ ಸೈನ್ಯವಿರಲಿಲ್ಲ, ಪದವಿಯಿರಲಿಲ್ಲ. ಕೊಟ್ಟ ಮಾತಿನ ಪರವಾಗಿ ಹೋಗಿ ನಿಲ್ಲುವ ಧೈರ್ಯವಿತ್ತು. ಅಂತಹ ಗೆಳತಿಯ ವಿಷಯವನ್ನು ನಂಬಿಕೆಯ ಶಿಕ್ಷಕರಿಗೆ ತಿಳಿಸುವುದು, ಬೇಕಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು ನಿಮ್ಮಿಂದಲೂ ಸಾಧ್ಯ. ಶಿಕ್ಷಕರಾದ ನಮ್ಮ ಹೊಣೆ ಅದಕ್ಕಿಂತ ದೊಡ್ಡದು. ಮಗುವೊಂದು ಬಂದು ಬಾಗಿಲಲ್ಲಿ ನಿಂತಾಗ ನಜ್ಜಾಶಿಯಂತೆ ಮೊದಲು ಅದರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಬೇಕು.